ತಲಬಾಗಿಲು ತಿಕ್ಕುವ ಮೊದಲು

ಮದುವೆ ಜವಳಿ ಎಂದರೆ ನಮ್ಮ ಕಡೆ ಚಡಚಣ. ಇಂಡಿ, ಸಿಂದಗಿಯವರಷ್ಟೇ ಅಲ್ಲ, ಭೀಮಾ ಆಚೆಯ ಸೊಲ್ಲಾಪುರ ಜಿಲ್ಲೆಯವರೂ ಬಸ್ಸು ಹಿಡಿದು ಬರುತ್ತಾರೆ. ಜವಳಿ ಕಟ್ಟಿಸಿಕೊಂಡು ಹೋದ ಮನೆಯಲ್ಲಿ ಅದೇ ಹೊತ್ತಿಗೆ ಸುಣ್ಣ-ಬಣ್ಣವೂ ನಡೆದಿರುತ್ತದೆ. ಗೋಡೆ ಬೆಳ್ಳಗಾದ ಮೇಲೆ ಎಲ್ಲರ ಕಣ್ಣು ತಲಬಾಗಿಲ ಮೇಲೆ ಬೀಳುತ್ತದೆ. ಅಜ್ಜನ ಕಾಲದ ಸಾಗವಾನಿ ಕದ, ಅದರ ಮೇಲೆ ನಾಲ್ಕೈದು ಸಲ ಬಳಿದ ಎಣ್ಣೆಬಣ್ಣ, ಕೆಳಗೆ ಬಿಸಿಲು-ಮಳೆಗೆ ಸೀಳಿದ ಅಂಚು. ಬಡಿಗೇರರು ಸೀಜನ್ನಿನಲ್ಲಿ ಸಿಗುವುದಿಲ್ಲ. ಅಂಗಡಿಯಲ್ಲಿ ಕಟ್ಟಿಗೆ ತಿಕ್ಕುವ ಮಶಿನ್, ಅಂದರೆ ಸ್ಯಾಂಡರ್, ಸಿಗುತ್ತದೆ. ಮನೆಯ ಹುಡುಗರು ತಾವೇ ತಿಕ್ಕಿಬಿಡೋಣ ಎಂದು ಹೊರಡುತ್ತಾರೆ.

ಹೊರಡಲಿ, ಇದು ಮನೆಮಂದಿ ಮಾಡಬಹುದಾದ ಕೆಲಸವೇ. ಆದರೆ ಕೈಗೆ ಸಿಕ್ಕ ಮಶಿನ್ ಹಿಡಿದು ಶುರು ಮಾಡಬಾರದು. ನಾನು ಹಾಗೆ ಮಾಡಿ ನಮ್ಮ ಪಡಸಾಲೆಯ ಜೋಕಾಲಿ ಹಲಗೆಯನ್ನು ಕೆಡಿಸಿದ್ದೇನೆ. ಕಬ್ಬಿಣ ಕೊಯ್ಯುವ ಗ್ರೈಂಡರ್‌ಗೆ ಪಾಲಿಶ್ ಪೇಪರಿನ ಚಕ್ರ ಹಾಕಿಕೊಂಡು ತಿಕ್ಕಿದೆ. ಹತ್ತು ನಿಮಿಷದಲ್ಲಿ ಹಳೆ ಬಣ್ಣವೆಲ್ಲ ಹೋಗಿ ಕಟ್ಟಿಗೆ ಚಿನ್ನದ ಹಾಗೆ ಕಂಡಿತು. ಪಾಲಿಶ್ ಬಿದ್ದ ಮೇಲೆ ನೋಡಿದರೆ ಹಲಗೆಯ ತುಂಬ ಅರ್ಧಚಂದ್ರದ ಗುಳಿಗಳು, ಒಂದರ ಮೇಲೊಂದು, ಸಂಜೆಯ ಓರೆ ಬೆಳಕಿನಲ್ಲಿ ಎಣಿಸುವಷ್ಟು ಸ್ಪಷ್ಟ. ನೋಡಲು ಬಂದ ಬಡಿಗೇರ ಕಾಕಾ ಹಲಗೆಯ ಮೇಲೆ ಅಂಗೈ ಆಡಿಸಿ ಒಂದೇ ಮಾತು ಹೇಳಿದರು: "ತಮ್ಮಾ, ಇದು ತಿಕ್ಕಿದ್ದಲ್ಲ, ಕೆತ್ತಿದ್ದು." ಆ ಗುಳಿ ಇಂದಿಗೂ ಇವೆ. ಅವನ್ನು ಮಾಯಿಸಬೇಕಾದರೆ ಇಡೀ ಹಲಗೆಯನ್ನೇ ತೆಳ್ಳಗೆ ಮಾಡಬೇಕು.

ಹಾಗಾಗಿ ಮೊದಲು ಗ್ರೈಂಡರ್ ಮಾತು ಮುಗಿಸುತ್ತೇನೆ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಅದೂ ಒಂದೇ ನಡುವಿನ ಸುತ್ತ. ಚಕ್ರದ ಅಂಚು ತಾಗಿದಲ್ಲೆಲ್ಲ ಒಂದೇ ಕಡೆಗೆ, ಕಟ್ಟಿಗೆಯ ಎಳೆಗೆ ಅಡ್ಡವಾಗಿ ಕೊರೆಯುತ್ತದೆ. ನೇಗಿಲು, ಬಂಡಿಯ ಕಟ್ಟಿಗೆಯನ್ನು ಒರಟಾಗಿ ತಿದ್ದಲು ಅದು ನಡೆದೀತು. ಕಣ್ಣಿಗೆ ಕಾಣುವ ಬಾಗಿಲು, ಕಪಾಟು, ಮೇಜಿಗೆ ಬೇಡವೇ ಬೇಡ. ಡ್ರಿಲ್ ಮಶಿನ್‌ಗೆ ಸಿಕ್ಕಿಸುವ ರಬ್ಬರ್ ತಟ್ಟೆಯೂ ಇದೇ ಜಾತಿ, ವೇಗ ಕಡಿಮೆ ಅಷ್ಟೆ.

ಸ್ಯಾಂಡರ್ ಎಂದು ಕೇಳಿದರೆ ಅಂಗಡಿಯವರು ಮೂರು-ನಾಲ್ಕು ತರಹದ್ದು ಮುಂದಿಡುತ್ತಾರೆ. ಚೌಕದ ಅಡಿ ಇರುವುದಕ್ಕೆ ಆರ್ಬಿಟಲ್ ಎನ್ನುತ್ತಾರೆ. ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಸೆಗಣಿಯಿಂದ ನೆಲ ಸಾರಿಸುವ ಕೈಯನ್ನು ನೆನೆಸಿಕೊಳ್ಳಿ. ಕೈ ಸಣ್ಣ ಸಣ್ಣ ಸುತ್ತು ಹಾಕುತ್ತ ಹೋಗುತ್ತದೆ, ಅಂಗೈ ಮಾತ್ರ ತಿರುಗುವುದಿಲ್ಲ, ಬೆರಳು ಮುಂದೆಯೇ ಇರುತ್ತವೆ. ಈ ಮಶಿನ್‌ನ ಅಡಿಯೂ ಹಾಗೆಯೇ ಎರಡು ಮಿಲಿಮೀಟರಿನಷ್ಟು ಚಿಕ್ಕ ಸುತ್ತನ್ನು ನಿಮಿಷಕ್ಕೆ ಹತ್ತು-ಹದಿನಾಲ್ಕು ಸಾವಿರ ಸಲ ಹಾಕುತ್ತದೆ. ಅಂಗಡಿಯಲ್ಲಿ ಸಿಗುವ 9 × 11 ಇಂಚಿನ ಪೇಪರನ್ನು ನಾಲ್ಕು ಭಾಗ ಹರಿದರೆ ಒಂದು ಭಾಗ ಸಣ್ಣ ಮಶಿನ್‌ಗೆ ಸರಿಯಾಗಿ ಕೂಡುತ್ತದೆ. ಪೇಪರಿಗೆ ಹೆಚ್ಚು ಖರ್ಚಿಲ್ಲ, ಚೌಕಟ್ಟಿನ ಮೂಲೆಗೂ ಹೋಗುತ್ತದೆ. ಆದರೆ ಕೆಲಸ ನಿಧಾನ. ಪೇಪರಿನ ಪ್ರತಿ ಕಣವೂ ತನ್ನದೇ ಸಣ್ಣ ಸುತ್ತಿನಲ್ಲಿ ತಿರುಗುವುದರಿಂದ ಕಟ್ಟಿಗೆಯ ಮೇಲೆ ಹಂದಿಬಾಲದಂಥ ಸುರುಳಿ ಗೀರು ಉಳಿಯುವುದೂ ಉಂಟು.

ಇದೇ ಸಾರಿಸುವ ಕೈ ಸುತ್ತು ಹಾಕುತ್ತಲೇ ಅಂಗೈಯನ್ನೂ ಮೆಲ್ಲಗೆ ತಿರುಗಿಸುತ್ತ ಹೋದರೆ ಹೇಗೋ, ರ‍್ಯಾಂಡಮ್ ಆರ್ಬಿಟಲ್ ಹಾಗೆ. ಇದರ ಅಡಿ ದುಂಡಗೆ, ಮನೆಬಳಕೆಗೆ 5 ಇಂಚು ಅಂದರೆ 125 ಮಿಲಿಮೀಟರು. ಮೋಟರಿನ ಕೋಲು ನಟ್ಟನಡುವೆ ಇರದೆ ತುಸು ಪಕ್ಕಕ್ಕಿರುತ್ತದೆ. ಅದರಿಂದ ತಟ್ಟೆ ಓಲಾಡುತ್ತದೆ. ತಟ್ಟೆಯನ್ನು ಹಿಡಿದಿರುವುದು ಒಂದು ಬೇರಿಂಗ್ ಮಾತ್ರ. ಹಾಗಾಗಿ ಓಲಾಡುತ್ತಲೇ ಅದು ತನ್ನಷ್ಟಕ್ಕೆ ತಿರುಗುತ್ತದೆ. ಎರಡು ಚಲನೆ ಬೆರೆತು ಒಂದು ಕಣ ಹೋದ ದಾರಿಯಲ್ಲಿ ಅದೇ ಕಣ ಮತ್ತೆ ಹೋಗುವುದಿಲ್ಲ. ಗೀರುಗಳು ಒಂದನ್ನೊಂದು ಅಳಿಸುತ್ತವೆ. ಕಟ್ಟಿಗೆಯ ಎಳೆ ಯಾವ ಕಡೆಗೆ ಇದ್ದರೂ, ಅಡ್ಡ-ಉದ್ದ ಎಳೆ ಕೂಡುವ ಚೌಕಟ್ಟಿನ ಕೀಲಿನಲ್ಲೂ, ಇದನ್ನು ಆಡಿಸಬಹುದು. ಮನೆಗೆ ಒಂದೇ ಮಶಿನ್ ಕೊಳ್ಳುವವರು ಇದನ್ನೇ ಕೊಳ್ಳಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 250ರಿಂದ 300 ವ್ಯಾಟ್ ಸಾಕು. ವೇಗ ಹೆಚ್ಚು-ಕಡಿಮೆ ಮಾಡುವ ಗುಂಡಿ ಇರಲಿ. ಪೇಪರ್ ವೆಲ್ಕ್ರೋದಿಂದ ಅಂಟಬೇಕು, ತಟ್ಟೆಯಲ್ಲಿ ಧೂಳು ಎಳೆಯುವ ತೂತು ಇರಬೇಕು. ಧೂಳಿನ ಚೀಲ ತೆಗೆದು ವ್ಯಾಕ್ಯೂಮ್ ಕೊಳವೆ ಸಿಕ್ಕಿಸಲು ಬರಬೇಕು. ಬಾಷ್, ಮಕಿತಾ, ಡಿವಾಲ್ಟ್ ಎಲ್ಲರೂ ಇಂಥದ್ದನ್ನು ಮಾಡುತ್ತಾರೆ. ಹೆಸರಿಗಿಂತ ನೋಡಬೇಕಾದದ್ದು ಬೇರೆ. ಸವೆದ ತಟ್ಟೆ, ಕಾರ್ಬನ್ ಬ್ರಶ್ ನಿಮ್ಮೂರಿನಲ್ಲೋ ಸೊಲ್ಲಾಪುರದಲ್ಲೋ ಸಿಗುತ್ತವೆಯೇ? ಚಡಚಣದವರಿಗೆ ವಿಜಯಪುರಕ್ಕಿಂತ ಸೊಲ್ಲಾಪುರವೇ ಹತ್ತಿರ. ಮಶಿನ್ ಕೊಳ್ಳುವಾಗಲೇ ಇದನ್ನು ಕೇಳಿಕೊಂಡು ಬನ್ನಿ.

ಬೆಲ್ಟ್ ಸ್ಯಾಂಡರ್ ಈ ಮನೆತನದ ಹಿರಿಯ. ಅಮೆರಿಕದ ಪೋರ್ಟರ್-ಕೇಬಲ್ ಕಂಪನಿ 1926ರಲ್ಲೇ ಕೈಯಲ್ಲಿ ಹಿಡಿದು ನಡೆಸುವ ಬೆಲ್ಟ್ ಸ್ಯಾಂಡರ್ ತಂದಿತ್ತು. ಎರಡು ಉರುಳೆಗಳ ಮೇಲೆ ಪೇಪರಿನ ಪಟ್ಟಿ ಓಡುತ್ತದೆ. ಎಳೆಯ ಜತೆಗೇ ಓಡಿಸಬೇಕು, ಒಂದು ಕಡೆ ನಿಲ್ಲಿಸಿದರೆ ಅಲ್ಲೇ ಹಳ್ಳ. ಸಾ ಮಿಲ್ಲಿನಿಂದ ಬಂದ ಒರಟು ಜಾಲಿ ಹಲಗೆಯನ್ನು ಸಪಾಟು ಮಾಡಲು ಇದಕ್ಕೆ ಸಾಟಿಯಿಲ್ಲ. ಬಾಗಿಲಿಗೆ ಬೇಕಾದರೆ ಒಂದು ದಿನದ ಮಟ್ಟಿಗೆ ಯಾರಿಂದಲಾದರೂ ಇಸಿದುಕೊಳ್ಳಿ. ವಿನಿಯರ್ ಅಂಟಿಸಿದ ಪ್ಲೈವುಡ್ ಕಪಾಟಿನ ಹತ್ತಿರ ಮಾತ್ರ ಇದನ್ನು ತರಬೇಡಿ. ಆ ವಿನಿಯರ್ ಅರ್ಧ ಮಿಲಿಮೀಟರಿನಷ್ಟು ತೆಳುವಿರುತ್ತದೆ. ಬೆಲ್ಟ್ ಅದನ್ನು ಎರಡು ಉಸಿರಿನಲ್ಲಿ ತಿಂದು ಕೆಳಗಿನ ಪ್ಲೈ ತೋರಿಸುತ್ತದೆ. ಇಸ್ತ್ರಿ ಪೆಟ್ಟಿಗೆಯ ಮೂತಿಯಂಥ ತ್ರಿಕೋನದ ಸಣ್ಣ ಸ್ಯಾಂಡರ್ ಕೂಡ ಇದೆ, ಮೂಲೆಗಷ್ಟೇ ಉಪಯೋಗ.

ಮಶಿನ್‌ಗಿಂತ ಪೇಪರಿನ ನಂಬರ್ ತಿಳಿಯುವುದು ಮುಖ್ಯ. ನಂಬರ್ ಹುಟ್ಟಿದ್ದು ಜರಡಿಯಿಂದ. ಒಂದು ಇಂಚಿನಲ್ಲಿ ಜರಡಿಗೆ ಎಷ್ಟು ಕಣ್ಣು ಎಂಬ ಲೆಕ್ಕ. ಕಣ್ಣು ಹೆಚ್ಚಿದಷ್ಟೂ ಸಣ್ಣ ಕಣ ಇಳಿಯುತ್ತದೆ. 60 ನಂಬರ್ ಎಂದರೆ ಜೋಳದ ನುಚ್ಚು, ಕಣ ಕಾಲು ಮಿಲಿಮೀಟರಿಗಿಂತ ತುಸು ದೊಡ್ಡದು. 120 ಎಂದರೆ ಸಣ್ಣ ರವೆ. 180 ಹಿಟ್ಟು, ಮಿಲಿಮೀಟರಿನ ಹನ್ನೆರಡನೇ ಒಂದು ಭಾಗದಷ್ಟು. ನಂಬರಿನ ಮುಂದೆ ಪಿ ಎಂದಿದ್ದರೆ ಅದು ಯುರೋಪಿನ ಅಳತೆ. ಮಶಿನ್‌ಗೆ ಅಲ್ಯೂಮಿನಿಯಂ ಆಕ್ಸೈಡ್ ಪೇಪರ್ ತನ್ನಿ. ನೀರಲ್ಲಿ ಅದ್ದಿ ತಿಕ್ಕುವ ಕಪ್ಪು ಪೇಪರ್ ಬೇರೆ, ಅದು ಸಿಲಿಕಾನ್ ಕಾರ್ಬೈಡ್, ಕೊನೆಯ ಪಾಲಿಶಿನ ನಡುವೆ ಕೈಯಿಂದ ಆಡಿಸಲು ಬೇಕಾಗುತ್ತದೆ.

ಮೊದಲ ನಂಬರ್ ಕೆಡುಕನ್ನು ತೆಗೆಯುತ್ತದೆ, ತನ್ನ ಗೀರು ಬಿಡುತ್ತದೆ. ಎರಡನೆಯದು ಮೊದಲಿನ ಗೀರನ್ನು ತೆಗೆದು ತನ್ನ ಸಣ್ಣ ಗೀರು ಬಿಡುತ್ತದೆ. ಹೀಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರಿನವರೆಗೆ ಇಳಿಯುವುದೇ ತಿಕ್ಕುವ ಕೆಲಸ. ಹಳೆ ಕದಕ್ಕೆ 60 ಅಥವಾ 80ರಿಂದ ಶುರು ಮಾಡಿ 120, ಆಮೇಲೆ 180. ಅವಸರಪಟ್ಟು 60ರಿಂದ ನೇರ 180ಕ್ಕೆ ಹಾರಿದರೆ 180 ಪೇಪರ್ ಎಷ್ಟು ತಿಕ್ಕಿದರೂ 60ರ ಗೀರಿನ ತಳ ಮುಟ್ಟುವುದಿಲ್ಲ. ಒಣ ಕಟ್ಟಿಗೆಯಲ್ಲಿ ಆ ಗೀರು ಕಾಣುವುದೂ ಇಲ್ಲ, ಪಾಲಿಶ್ ಬಿದ್ದ ಕೂಡಲೇ ಎದ್ದು ನಿಲ್ಲುತ್ತದೆ. ಹಾಗೆಂದು 180 ದಾಟಿ 320, 400 ಎಂದು ಹೋಗುವುದೂ ಬೇಡ. ಅತಿ ನಯವಾದ ಕಟ್ಟಿಗೆ ಎಣ್ಣೆ, ಬಣ್ಣ ಕುಡಿಯುವುದಿಲ್ಲ. ಹಲಗೆಯ ಕೊಯ್ದ ತುದಿಗೆ ಮಾತ್ರ ಒಂದು ನಂಬರ್ ಮುಂದೆ ಹೋಗಿ 220 ಹಾಕಿ. ಅಲ್ಲಿ ಎಳೆಯ ಬಾಯಿ ತೆರೆದಿರುವುದರಿಂದ ಬಣ್ಣ ಹೆಚ್ಚು ಹೀರಿ ಕಪ್ಪಾಗುತ್ತದೆ.

ನಮ್ಮ ಸೀಮೆಯ ಕಟ್ಟಿಗೆಯ ಗುಣವೂ ಗೊತ್ತಿರಲಿ. ಬೇವಿನ ಎಳೆ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ರಂದಾ ಹೊಡೆದರೆ ಒಂದು ಮೊಳ ನಯವಾಗಿ ಬಂದು ಮುಂದಿನ ಮೊಳದಲ್ಲಿ ಕಿತ್ತು ಏಳುತ್ತದೆ. ಬೇವಿಗೆ ಸ್ಯಾಂಡರ್ ನಿಜವಾದ ಉಪಕಾರ. ಜಾಲಿ ಗಟ್ಟಿ, ಹೊತ್ತು ಹಿಡಿಯುತ್ತದೆ, ಆದರೆ ಮಾಡಿದ ಕೆಲಸ ಉಳಿಯುತ್ತದೆ. ಸಾಗವಾನಿಯಲ್ಲಿ ಎಣ್ಣೆಯ ಅಂಶವಿದೆ, ಮರಳಿನಂಥ ಸಿಲಿಕಾ ಕೂಡ ಇದೆ. ಪೇಪರ್ ಬೇಗ ಮೊಂಡಾಗುತ್ತದೆ, ಧೂಳು ಮೆತ್ತಿಕೊಂಡು ಕಣ ಮುಚ್ಚಿಹೋಗುತ್ತವೆ. ಮೆತ್ತಿದ ಪೇಪರನ್ನು ಕ್ರೇಪ್ ರಬ್ಬರಿನ ತುಂಡಿನ ಮೇಲೆ ಆಡಿಸಿದರೆ ಧೂಳು ಬಿಟ್ಟು ಮತ್ತೆ ನಡೆಯುತ್ತದೆ. ಮೊಂಡಾದದ್ದನ್ನು ಎಸೆದುಬಿಡಿ. ಮೊಂಡು ಪೇಪರ್ ಹಿಡಿದವನೇ ಮಶಿನ್ ಮೇಲೆ ಭಾರ ಹಾಕಲು ಶುರು ಮಾಡುತ್ತಾನೆ.

ಎಲ್ಲ ಕೆಡುವುದು ಆ ಭಾರದಿಂದ. ಬಡಿಗೇರ ಕಾಕಾ ನನಗೆ ಕಲಿಸಿದ ಪರೀಕ್ಷೆಯೊಂದಿದೆ. ತಟ್ಟೆಯ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಮಶಿನ್ ಕಟ್ಟಿಗೆಯ ಮೇಲಿಟ್ಟು ಶುರು ಮಾಡಿ ಆ ಗೆರೆಯನ್ನೇ ನೋಡಿ. ಗೆರೆ ಮೆಲ್ಲಗೆ ಸುತ್ತು ಬರುವುದು ಕಾಣುತ್ತಿದ್ದರೆ ಸರಿ. ಈಗ ಕೈಭಾರ ಹಾಕಿ ನೋಡಿ, ಗೆರೆ ನಿಂತುಬಿಡುತ್ತದೆ. ತಟ್ಟೆ ತಿರುಗುವುದು ನಿಂತು ಬರೀ ಓಲಾಡುತ್ತಿದೆ ಎಂದರ್ಥ. ಆಗ ನೀವು ದುಡ್ಡು ಕೊಟ್ಟು ತಂದ ರ‍್ಯಾಂಡಮ್ ಗುಣವೇ ಹೋಗಿ ಹಂದಿಬಾಲದ ಗೀರು ಶುರುವಾಗುತ್ತದೆ. "ಒತ್ತಬ್ಯಾಡ, ಅದರ ಭಾರ ಅದಕ್ಕ ಸಾಕು" ಎಂದು ಕಾಕಾ ನನ್ನ ಕೈಮೇಲೆ ಕೈಯಿಟ್ಟು ಮೇಲಕ್ಕೆತ್ತಿದ್ದರು. ಮಶಿನ್‌ನ ತೂಕ, ಅದರ ಮೇಲೆ ಇಟ್ಟ ಕೈಯ ತೂಕ, ಅಷ್ಟೇ. ಅಂಚಿನಲ್ಲಿ ಓರೆ ಮಾಡುವುದೂ ಅಷ್ಟೇ ಕೆಟ್ಟದ್ದು, ಹಲಗೆಯ ಚೂಪಾದ ಅಂಚು ದುಂಡಗಾಗಿ ಸೋಪಿನ ತುಂಡಿನಂತೆ ಕಾಣುತ್ತದೆ.

ನಡೆಸುವ ವೇಗವೂ ಬಹಳ ಜನ ಅಂದುಕೊಳ್ಳುವುದಕ್ಕಿಂತ ನಿಧಾನ. ಸೆಕೆಂಡಿಗೆ ಒಂದು ಇಂಚು, ಹಿಂದಿನ ಪಟ್ಟಿಯ ಅರ್ಧ ಭಾಗ ಮತ್ತೆ ಮುಚ್ಚುವಂತೆ. ಲೆಕ್ಕ ಹಾಕಿ ನೋಡಿದ್ದೇನೆ: 3 ಅಡಿ ಅಗಲ, ಆರೂವರೆ ಅಡಿ ಎತ್ತರದ ಕದದ ಒಂದು ಮಗ್ಗುಲಿಗೆ ಒಂದು ಸಲ ಹೋಗಿಬರಲು ಸುಮಾರು 19 ನಿಮಿಷ. ಮೂರು ನಂಬರ್, ಒಂದೊಂದಕ್ಕೆ ಎರಡು ಸಲ ಎಂದರೆ ಎರಡು ಗಂಟೆ. ಎರಡೂ ಮಗ್ಗುಲಿಗೆ ಒಂದು ಅರ್ಧ ದಿನ. ಇಷ್ಟು ಹೊತ್ತು ಕೊಡಲಾಗದಿದ್ದರೆ ಮದುವೆ ಮುಗಿದ ಮೇಲೆ ಮಾಡಿ. ಒಂದು ನಂಬರ್ ಮುಗಿಯಿತೇ ಎಂದು ತಿಳಿಯಲು ತಿಕ್ಕುವ ಮೊದಲು ಹಲಗೆಯ ತುಂಬ ಪೆನ್ಸಿಲಿನಿಂದ ಹಾವಿನ ಹಾಗೆ ತೆಳುಗೆರೆ ಎಳೆಯಿರಿ. ಗೆರೆ ಪೂರ್ತಿ ಮಾಯವಾದಾಗ ಆ ಸುತ್ತು ಆಯಿತು. ಮುಂದಿನ ನಂಬರಿಗೆ ಹೋಗುವ ಮೊದಲು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ. 60ರ ಒಂದೇ ಒಂದು ಹರಳು ಉಳಿದು 180ರ ಕೆಳಗೆ ಸಿಕ್ಕರೆ ಇಡೀ ಕದಕ್ಕೆ ಗೀರು. ಮಶಿನ್ ಕಟ್ಟಿಗೆಯ ಮೇಲಿಟ್ಟು ಶುರು ಮಾಡಿ, ತಿರುಗುತ್ತಿರುವಾಗಲೇ ಮೇಲೆತ್ತಿ, ಆಮೇಲೆ ಬಂದ್ ಮಾಡಿ. ಕೊನೆಗೆ 180 ಪೇಪರನ್ನು ಚಪ್ಪಟೆ ತುಂಡಿಗೆ ಸುತ್ತಿ ಕೈಯಿಂದ ಎಳೆಯ ಉದ್ದಕ್ಕೆ ನಾಲ್ಕು ಸಲ ಎಳೆದರೆ ಉಳಿದ ಸುರುಳಿಯೂ ಹೋಗುತ್ತದೆ.

ಇಷ್ಟೆಲ್ಲ ಹೊಸ ಕಟ್ಟಿಗೆಗೂ ಸರಿ. ಹಳೆ ಬಾಗಿಲಿಗೆ ಬಂದರೆ ಇದಕ್ಕೂ ಮೊದಲಿನ ಕೆಲಸವೊಂದಿದೆ. ಅದನ್ನು ಬಿಟ್ಟವರನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಳೆ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ ಮಾಡಿದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದೆ ಬಳಿದ ಹಸಿರು, ಹಳದಿ, ಕೆಂಪು ಬಣ್ಣಗಳ ಮೇಲೆ ಅನುಮಾನ ಇಟ್ಟುಕೊಳ್ಳುವುದೇ ಕ್ಷೇಮ. ಸ್ಯಾಂಡರ್ ಆ ಬಣ್ಣವನ್ನು ಹಿಟ್ಟಿಗಿಂತ ಸಣ್ಣಗೆ ಪುಡಿ ಮಾಡಿ ಮನೆಯ ತುಂಬ ಹರಡುತ್ತದೆ. ಆ ಧೂಳು ಹಾಸಿಗೆ, ಹಿಟ್ಟಿನ ಡಬ್ಬಿ, ಅಂಬೆಗಾಲಿಡುವ ಕೂಸಿನ ಅಂಗೈ ಎಲ್ಲ ಕಡೆ ಕೂಡುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕೆಡಿಸುತ್ತದೆ, ಬಸುರಿಯರಿಗೂ ಅಪಾಯ. ಆದ್ದರಿಂದ ಹಳೆ ಬಣ್ಣವನ್ನು ಒಣಗಿರುವಾಗ ಮಶಿನ್‌ನಿಂದ ತಿಕ್ಕಲೇಬೇಡಿ. ಕದ ಕಳಚಿ ಹೊರಗೆ ತನ್ನಿ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ. ಪೇಂಟ್ ರಿಮೂವರ್ ಹಚ್ಚಿ ಬಣ್ಣ ಉಬ್ಬಿದ ಮೇಲೆ ಪಟ್ಟಿಯಿಂದ ಎಬ್ಬಿಸಿ, ಇಲ್ಲವೇ ನೀರು ಚಿಮುಕಿಸುತ್ತ ಕೆರೆಯಿರಿ. ರಿಮೂವರಿನ ಹೊಗೆಯೂ ಒಳ್ಳೆಯದಲ್ಲ, ಗಾಳಿಯಾಡುವ ಕಡೆ ಕೈಗವಸು ಹಾಕಿಕೊಂಡೇ ಮಾಡಿ. ಕೆರೆದ ಸಿಪ್ಪೆಯನ್ನು ಅದೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಂಟು ಕಟ್ಟಿ. ತಿಪ್ಪೆಗೆ ಮಾತ್ರ ಎಸೆಯಬೇಡಿ. ದನಗಳು ಬಣ್ಣದ ಸಿಪ್ಪೆ ನೆಕ್ಕುತ್ತವೆ, ಸೀಸದ ವಿಷಕ್ಕೆ ಕರುಗಳು ಸಾಯುವುದು ಪಶುವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಸುಡುವುದೂ ಬೇಡ. ಬಣ್ಣ ಹೋಗಿ ಬರಿ ಕಟ್ಟಿಗೆ ಕಂಡ ಮೇಲೆಯೇ ಸ್ಯಾಂಡರ್ ಹೊರತೆಗೆಯಿರಿ.

ಆಗಲೂ ಧೂಳು ಸಣ್ಣ ಮಾತಲ್ಲ. ಕಟ್ಟಿಗೆಯ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತಪಡಿಸಿದೆ. ಜೀವಮಾನವೆಲ್ಲ ಇದೇ ಕೆಲಸ ಮಾಡುವವರಿಗೆ ಅಪಾಯ ಹೆಚ್ಚು. ನಮ್ಮ ಬಡಿಗೇರರು ಮೂಗಿಗೆ ವಸ್ತ್ರ ಕಟ್ಟಿಕೊಂಡು ತಿಕ್ಕುವುದನ್ನು ದಿನವೂ ನೋಡುತ್ತೇವೆ. ವಸ್ತ್ರ ದಪ್ಪ ಹೊಟ್ಟನ್ನು ತಡೆಯುತ್ತದೆ, ಶ್ವಾಸಕೋಶದ ತಳಕ್ಕೆ ಇಳಿಯುವ ಸಣ್ಣ ಧೂಳನ್ನು ತಡೆಯುವುದಿಲ್ಲ. ಎನ್-95 ಮಾಸ್ಕ್ ಬೇಕು, ಮುಖಕ್ಕೆ ಸಂದಿಲ್ಲದಂತೆ ಕೂಡಬೇಕು. ಕೆಲಸಕ್ಕೆ ಕರೆದವರು ಕೂಲಿಯ ಜತೆ ಒಂದು ಮಾಸ್ಕನ್ನೂ ಕೊಡಲಿ. ಮಶಿನ್‌ನ ಸಣ್ಣ ಚೀಲ ಧೂಳನ್ನೆಲ್ಲ ಹಿಡಿಯುವುದಿಲ್ಲ, ವ್ಯಾಕ್ಯೂಮ್ ಸಿಕ್ಕಿಸಿದರೆ ಬಹುಪಾಲು ನಿಲ್ಲುತ್ತದೆ. ಪೇಪರಿನ ತೂತು ತಟ್ಟೆಯ ತೂತಿಗೆ ಹೊಂದಿಕೊಂಡಿರಬೇಕು, ಇಲ್ಲದಿದ್ದರೆ ಧೂಳು ಎಳೆಯುವ ದಾರಿಯೇ ಇರುವುದಿಲ್ಲ. ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್ಗು ಇರಲಿ. ಧೋತರದ ಚುಂಗು, ಸೀರೆಯ ಸೆರಗು ಬಿಗಿದು ಕಟ್ಟಿ. ಪೇಪರ್ ಬದಲಿಸುವಾಗ ಕರೆಂಟಿನ ಪ್ಲಗ್ ಕಿತ್ತಿಡಿ.

ಹಳೆ ಕದದಲ್ಲಿ ಮೊಳೆ ಇರುತ್ತವೆ. ಕಬ್ಬಿಣದ ಮೊಳೆಗೆ ಪೇಪರ್ ತಾಗಿದರೆ ಹರಿಯುತ್ತದೆ, ಕಿಡಿಯೂ ಹಾರುತ್ತದೆ. ಆ ಕಿಡಿ ಧೂಳಿನ ಚೀಲದಲ್ಲಿ ಒಳಗೊಳಗೇ ಹೊಗೆಯಾಡಿ ರಾತ್ರಿ ಹೊತ್ತಿಕೊಳ್ಳಬಹುದು. ಮೊಳೆ ಕೀಳಿ ಅಥವಾ ಒಳಗೆ ಬಡಿದು ಕೂಡಿಸಿ. ಸಂಜೆ ಚೀಲ ಖಾಲಿ ಮಾಡದೆ ಮನೆಯೊಳಗೆ ತರಬೇಡಿ. ವಾಡೆಯ ಕದಗಳ ಹಿತ್ತಾಳೆ ಗುಬ್ಬಿಗಳನ್ನು ಬಿಚ್ಚಲು ಬರದಿದ್ದರೆ ಸುತ್ತ ಎರಡು ಬೆರಳು ಜಾಗ ಬಿಟ್ಟು ಅಲ್ಲಿ ಕೈಯಿಂದ ತಿಕ್ಕಿ. ಚೌಕಟ್ಟಿನ ಕೆತ್ತನೆಗೆ, ಮೇಲಿನ ಪಟ್ಟಿಯ ಗಣಪನಿಗೆ, ಬಳ್ಳಿ-ಹೂವಿಗೆ ಮಶಿನ್ ಮುಟ್ಟಿಸಲೇಬಾರದು. ನೂರು ವರ್ಷದ ಹಿಂದೆ ಯಾರೋ ಉಳಿಯಿಂದ ಬಿಡಿಸಿದ ಗಿಳಿಯ ಕೊಕ್ಕು ಮೂರು ಸೆಕೆಂಡಿನಲ್ಲಿ ಸಪಾಟಾಗುತ್ತದೆ. ಅಲ್ಲಿಗೆ ಹಲ್ಲುಜ್ಜುವ ಹಳೆ ಬ್ರಶ್, ಮಡಿಚಿದ 120 ಪೇಪರ್, ಹಾಗೂ ಇಡೀ ಒಂದು ಮಧ್ಯಾಹ್ನ ಬೇಕು.

ಹವೆಯ ಮಾತು ಒಂದಿಷ್ಟು. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಹಿಡಿಯುತ್ತದೆ. ಆಗ ಸಿಟ್ಟಿನಲ್ಲಿ ಅಂಚು ತಿಕ್ಕಿ ಸಡಿಲ ಮಾಡಿದವರ ಮನೆಯಲ್ಲಿ ಮುಂದಿನ ಚೈತ್ರಕ್ಕೆ ಬೆರಳು ತೂರುವಷ್ಟು ಸಂದು ಬಿದ್ದಿರುತ್ತದೆ. ನಮ್ಮ ಬಿಸಿಲು ಕಟ್ಟಿಗೆಯ ಪಸೆಯನ್ನೆಲ್ಲ ಎಳೆದುಬಿಡುತ್ತದೆ. ತೀರ ಹಿಡಿದಲ್ಲಿ ಒಂದಿಷ್ಟು ಕೆರೆದು ಉಳಿದದ್ದಕ್ಕೆ ಬೇಸಿಗೆಯವರೆಗೆ ತಡೆಯಿರಿ. ಆಷಾಢದ ಗಾಳಿಯಲ್ಲಿ ಪಾಲಿಶ್ ಹಚ್ಚಬೇಡಿ, ಹೊಲದ ಮಣ್ಣೆಲ್ಲ ಅದರ ಮೇಲೆಯೇ ಬಂದು ಕೂಡುತ್ತದೆ. ಸಂಕ್ರಾಂತಿಯ ಸುತ್ತಿನ ತಂಪು, ಒಣ ದಿನಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು.

ಪಾಲಿಶ್ ಹಚ್ಚುವ ಮೊದಲು ಒದ್ದೆ ಬಟ್ಟೆಯಿಂದ ಕದವನ್ನು ಒಮ್ಮೆ ಒರೆಸಿ ಒಣಗಲು ಬಿಡಿ. ಮಲಗಿದ್ದ ಎಳೆಗಳು ಗಡ್ಡದ ಹಾಗೆ ನಿಲ್ಲುತ್ತವೆ. 180ರಿಂದ ಕೈಯಲ್ಲೇ ಮೆಲ್ಲಗೆ ತಿಕ್ಕಿದರೆ ಆಮೇಲೆ ಏಳುವುದಿಲ್ಲ. ಮೊದಲ ಕೋಟ್ ಒಣಗಿದ ಮೇಲೆ 320 ಪೇಪರನ್ನು ಬೆರಳ ಭಾರದಲ್ಲಿ ಆಡಿಸಿ. ಇಲ್ಲಿ ಮಶಿನ್ ಬೇಡ, ತೆಳುವಾದ ಕೋಟ್ ಹರಿದು ಕಟ್ಟಿಗೆ ಕಾಣುತ್ತದೆ. ಪಿಯು, ಟಚ್‌ವುಡ್ ಪಾಲಿಶ್ ಬೇಡವೆನ್ನುವವರಿಗೆ ಅಗಸಿ ಎಣ್ಣೆ ಇದೆ. ಅಡುಗೆಯ ಎಣ್ಣೆಯಲ್ಲ, ಬಣ್ಣದ ಅಂಗಡಿಯಲ್ಲಿ ಸಿಗುವ ಬೇಗ ಒಣಗುವಂಥದ್ದು. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುತ್ತ ಒಣಗುತ್ತ ಒಳಗೇ ಕಾವು ಏರಿ ತಾನಾಗಿಯೇ ಬೆಂಕಿ ಹಿಡಿಯಬಹುದು. ಬಿಡಿಸಿ ಅಂಗಳದ ಕಲ್ಲಿನ ಮೇಲೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಕೊನೆಗೆ ಉಳಿಯುವುದು ಹೊಸ್ತಿಲು. ವರ್ಷಾನುಗಟ್ಟಲೆ ಹಚ್ಚಿದ ಅರಿಶಿಣ, ಕುಂಕುಮ, ದೀಪದಿಂದ ಸೋರಿದ ಎಣ್ಣೆ ಸೇರಿ ಅದರ ಮೇಲೆ ಮೇಣದಂಥ ಪದರು ಕಟ್ಟಿರುತ್ತದೆ. ನೇರ ಸ್ಯಾಂಡರ್ ಇಟ್ಟರೆ ಒಂದು ನಿಮಿಷಕ್ಕೊಂದು ಪೇಪರ್ ಮೆತ್ತಿಹೋಗುತ್ತದೆ. ಮೊದಲು ಪಟ್ಟಿಯಿಂದ ಕೆರೆದು, ಟರ್ಪೆಂಟೈನ್ ಹಚ್ಚಿದ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ತಿಕ್ಕಿ. ನಮ್ಮ ಮನೆಯ ಹೊಸ್ತಿಲು ನಡುವೆ ಒಂದು ಬೆರಳು ಸವೆದಿದೆ. ಮೂರು ತಲೆಮಾರು ದಾಟಿದ ಪಾದದ ಗುರುತು ಅದು. ಸ್ಯಾಂಡರ್ ಅದನ್ನು ಎರಡೂ ಕಡೆಯಿಂದ ಸಮ ಮಾಡಲು ಹೋಗುತ್ತಿತ್ತು. ಮಶಿನ್ ಬಂದ್ ಮಾಡಿ, ಪೇಪರನ್ನು ಮೆತ್ತನೆಯ ಸ್ಪಂಜಿಗೆ ಸುತ್ತಿ, ತಗ್ಗಿನ ಆಕಾರದಲ್ಲೇ ಕೈಯಿಂದ ತಿಕ್ಕಿದೆ. ಎಣ್ಣೆ ಹಚ್ಚಿದ ಮೇಲೆ ವಾರವಾದರೂ ಅದಕ್ಕೆ ಅರಿಶಿಣ ಮುಟ್ಟಿಸಬೇಡಿ ಎಂದು ಅವ್ವನಿಗೆ ಹೇಳಬೇಕಾಯಿತು, ಹಸಿ ಎಣ್ಣೆಯಲ್ಲಿ ಅರಿಶಿಣ ಸೇರಿದರೆ ಕಲೆಯಾಗಿ ಉಳಿಯುತ್ತದೆ. ಅವಳು ಎಂಟನೆಯ ದಿನದವರೆಗೆ ಕಾದು, ಅಂಗೈ ಸವರಿ ಒಣಗಿದೆಯೇ ಎಂದು ನೋಡಿ, ಆಮೇಲೆ ಹಚ್ಚಿದಳು.